ರೂಪವೂ ಋಣವೂ

2020ನೆಯ ಇಸವಿಯ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿದುದನ್ನು ಸೊನ್ನದ ಸುತ್ತಣ ಭಕ್ತರಿಗೆ ನೆನಪು ಮಾಡಿಕೊಡಬೇಕಾದ ಅಗತ್ಯವಿಲ್ಲ. ಮೇಲಿನ ಜಲಾಶಯಗಳಿಂದ ಬಿಟ್ಟ ನೀರು ಸೊನ್ನದ ಬ್ಯಾರೇಜನ್ನು ದಾಟಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳನ್ನು ಹೊಕ್ಕಿತು. ಬೆಳೆದು ನಿಂತಿದ್ದ ತೊಗರಿ, ಹತ್ತಿ ನಿಂತಲ್ಲಿಯೇ ಕೊಳೆತವು. ಮನೆಗಳಲ್ಲಿ ಮೊಳಕಾಲುದ್ದ ರಾಡಿ ತುಂಬಿತು. ಇದಾದ ಎರಡನೆಯ ವರುಷದ ಬೇಸಗೆಯಲ್ಲಿ ನದಿಯಂಚಿನ ಒಂದು ಹಳ್ಳಿಯಿಂದ ವೃದ್ಧ ತಾಯಿಯೊಬ್ಬರು ಮಠಕ್ಕೆ ಬಂದು, ಕೌದಿಯಲ್ಲಿ ಸುತ್ತಿ ತಂದಿದ್ದ ಎರಡು ವಸ್ತುಗಳನ್ನು ನಮ್ಮ ಮುಂದೆ ಇಳಿಸಿದರು. ಕೌದಿಯನ್ನು ಬಿಚ್ಚಿದಾಗ ಅಲ್ಲಿದ್ದ ಶಿಷ್ಯರೆಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿದುದು ನಮಗೆ ಚೆನ್ನಾಗಿ ನೆನಪಿದೆ.

ಅವು ಮೊಳದೆತ್ತರದ ಪಿಂಗಾಣಿಯ ಹೂದಾನಿಗಳು. ಮೈಯೆಲ್ಲ ದಟ್ಟ ನೀಲಿ. ಹೊಟ್ಟೆಯ ನಡುವೆ ಮೊಟ್ಟೆಯಾಕಾರದ ಬಿಳಿಯ ತೆರವು. ಆ ತೆರವಿನಲ್ಲಿ ಮರದ ಕೆಳಗೆ ಕುಳಿತು ಕುರಿ ಕಾಯುವ ಪರದೇಶದ ಹುಡುಗಿ. ಬಾಯಂಚಿಗೂ ಕೊರಳಿಗೂ ಪಾದಕ್ಕೂ ಬಂಗಾರದ ಬಳ್ಳಿ. ಪ್ರವಾಹದ ದಿನ ಅವು ಎತ್ತರದ ಮಾಡದಲ್ಲಿದ್ದುದರಿಂದ ಉಳಿದುವಂತೆ. ಆ ತಾಯಿಯ ಮಾವನ ತಂದೆ ಹೈದರಾಬಾದಿನಲ್ಲಿ ಒಬ್ಬ ಜಾಗೀರದಾರನ ದೇವಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 1948ರಲ್ಲಿ ನಿಜಾಮಶಾಹಿ ಅಳಿದು ಮರುವರುಷವೇ ಜಾಗೀರುಗಳೂ ರದ್ದಾದಾಗ, ಬಾಕಿ ಉಳಿದ ಸಂಬಳದ ಬದಲಿಗೆ ಈ ಜೋಡಿ ಅವರ ಕೈಗೆ ಬಂದಿತೆಂದು ಮನೆಯ ಮಾತು. ಸಂಬಳ ಕೇಳಿದವನಿಗೆ ಹೂದಾನಿ ಕೊಟ್ಟ ಧಣಿ! ಆ ಗುಮಾಸ್ತರು ಇವನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಾಗ ಯಾವ ಮನಸ್ಸಿನಲ್ಲಿದ್ದರೋ ಶಿವನೇ ಬಲ್ಲ.

ತಾಯಿ ಹೇಳಿದುದಿಷ್ಟು: "ಯಪ್ಪಾ, ಹೊಲ ಹರದು ಎರಡು ಆತು. ಮನಿಗಿ ನಡುವ ಗ್ವಾಡಿ ಬಂತು. ಈಗ ಇವನ್ನೂ ಒಂದೊಂದು ಹಂಚ್ಕೊತೀವಿ ಅಂತಾರ. ಜೋಡಿ ಅಗಲಿಸಬ್ಯಾಡ್ರೋ ಅಂದ್ರ ಕೇಳವಲ್ರು. ನೀವಾ ಇಟ್ಕೊಳ್ರಿ, ಮಠದಾಗ ಇರ್ಲಿ." ಹಿರಿಯ ಮಗನಿಗೆ ಇವನ್ನು ಮಾರುವ ಮನಸ್ಸು. ಪ್ರವಾಹದಲ್ಲಿ ಕಳೆದುಕೊಂಡುದಕ್ಕೆ ಬೀಜ ಗೊಬ್ಬರದ ಸಾಲ ಸೇರಿ ಆತ ಹೈರಾಣಾಗಿದ್ದನು. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ನೋಡಿ ಹೋಗಿದ್ದನು. ಎರಡರಲ್ಲಿ ಒಂದರ ಕೊರಳಿನಲ್ಲಿ ಕೂದಲೆಳೆಯಂಥ ಬಿರುಕಿದೆ. ಅದನ್ನು ತುಂಬಿ ಮೇಲೆ ಹೊಸದಾಗಿ ಬಂಗಾರದ ಬಣ್ಣ ಬಳಿದರೆ ಯಾರಿಗೂ ಕಾಣದು, ಆಗ ಬೆಲೆ ಎಷ್ಟೋ ಪಟ್ಟು ಹೆಚ್ಚುವುದೆಂದು ಆತನ ಉಪದೇಶ. ಕಿರಿಯ ಮಗನಿಗೆ ತನ್ನ ಹೊಸ ಮನೆಯ ಗಾಜಿನ ಕಪಾಟಿನಲ್ಲಿ ಒಂದಿದ್ದರೆ ಸಾಕು.

ವಾಚಕರಲ್ಲಿ ಮುಚ್ಚುಮರೆ ಬೇಡ. ನಮ್ಮ ಮನಸ್ಸಿನಲ್ಲಿ ಮೊದಲು ಮೂಡಿದುದು ಆ ಕುಟುಂಬದ ಕಷ್ಟವಲ್ಲ; ಗದ್ದುಗೆಯ ಎಡಬಲಗಳಲ್ಲಿ ಇವು ಎಷ್ಟು ಶೋಭಿಸುವುವು ಎಂಬ ಚಿತ್ರ. ಕಾವಿಯು ಬಟ್ಟೆಯನ್ನು ಬದಲಿಸುವಷ್ಟು ಬೇಗ ಕಣ್ಣನ್ನು ಬದಲಿಸುವುದಿಲ್ಲ. ಎರಡು ದಿನ ಅವು ನಮ್ಮ ಕೋಣೆಯಲ್ಲಿಯೇ ಇದ್ದುವು. ಆ ಎರಡು ದಿನಗಳಲ್ಲಿ ಹುಟ್ಟಿದ ಜಿಜ್ಞಾಸೆಯೇ ಈ ಬರಹ. ಚೆಲುವಾದ ವಸ್ತುವೊಂದರ ಹಿಂದೆ ಅನ್ಯಾಯದ ಬೆಲೆ ಇದ್ದರೆ, ಅದರ ಚೆಲುವನ್ನು ನಾವು ನಿರ್ಮಲವಾದ ಮನಸ್ಸಿನಿಂದ ಅನುಭವಿಸಬಹುದೇ?

ಇಂಥ ಪಾತ್ರೆ ಆಗುವ ಬಗೆಯನ್ನು ಮೊದಲು ತಿಳಿಯಬೇಕು. ಕೇವಲ ಕೆರೆಯ ಮಣ್ಣಿನಿಂದ ಪಿಂಗಾಣಿಯಾಗದು. ಕೇಯೋಲಿನ್ ಎಂಬ ಬಿಳಿಯ ಜೇಡಿಯನ್ನೂ ಬೆಂಕಿಯಲ್ಲಿ ಕರಗಿ ಗಾಜಿನಂತಾಗುವ ಒಂದು ಬಗೆಯ ಕಲ್ಲಿನ ಪುಡಿಯನ್ನೂ ಕಲಸಿ, ಸುಮಾರು 1300 ಡಿಗ್ರಿಗೂ ಮೀರಿದ ಉರಿಯಲ್ಲಿ ಸುಡಬೇಕು. ನಮ್ಮ ಕುಂಬಾರರ ಆವಿಗೆಯ ಕಾವು ಅದಕ್ಕೆ ಸಾಲುವುದಿಲ್ಲ. ಚೀನ ದೇಶದ ಜಿಂಗ್‌ಡೆಜೆನ್ ನಗರದವರು ಈ ವಿದ್ಯೆಯನ್ನು ಶತಶತಮಾನಗಳಿಂದ ಅರಿತಿದ್ದರು. ಹಂಪೆಯ ಉತ್ಖನನದಲ್ಲಿಯೂ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಸುಟ್ಟ ಮೈಮೇಲೆ ಲೋಹಭಸ್ಮಗಳಿಂದ ತಯಾರಿಸಿದ ಬಣ್ಣಗಳಲ್ಲಿ ಚಿತ್ರ ಬರೆದು ಮತ್ತೆ ಸುಡುತ್ತಾರೆ. ಬಣ್ಣಬಣ್ಣಕ್ಕೆ ತಾಳುವ ಕಾವು ಬೇರೆಯಾದುದರಿಂದ ಒಂದೇ ಪಾತ್ರೆ ಹಲವು ಸಲ ಬೆಂಕಿಯನ್ನು ಹೊಕ್ಕು ಹೊರಬರಬೇಕು. ಬಂಗಾರದ್ದು ಎಲ್ಲಕ್ಕಿಂತ ಕೊನೆಯ ಸರದಿ, ಎಲ್ಲಕ್ಕಿಂತ ಕಡಿಮೆ ಉರಿ. ಫ್ರಾನ್ಸಿನ ಸೇವ್ರ್ ಕಾರ್ಖಾನೆಯಲ್ಲಿ ಬಂಗಾರದ ಪುಡಿಯನ್ನು ಜೇನಿನಲ್ಲಿ ಅರೆದು ಕುಂಚದಿಂದ ಬಳಿಯುತ್ತಿದ್ದರು. ಬೆಂಕಿಯಿಂದ ಹೊರಬಂದಾಗ ಅದು ಮಂಕಾಗಿರುತ್ತದೆ. ನುಣುಪಾದ ಅಗೇಟು ಕಲ್ಲಿನಿಂದ ಗೆರೆಗೆರೆಯನ್ನೂ ಉಜ್ಜಿದರೆ ಮಾತ್ರ ಹೊಳಪು. ಈ ಉಜ್ಜುವ ಕೆಲಸವನ್ನು ಬಹುವಾಗಿ ಹೆಣ್ಣುಮಕ್ಕಳು ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ಜೇನಿನ ಜಾಗಕ್ಕೆ ಪಾದರಸ ಬಂದಿತು. ಕೆಲಸ ಸುಲಭವಾಯಿತು, ಆದರೆ ಬೆಂಕಿಯಲ್ಲಿ ಆರಿಹೋಗುವ ಪಾದರಸದ ಹೊಗೆ ಆವಿಗೆಯ ಬಳಿ ನಿಂತವರ ಮೈಯನ್ನು ಹೊಕ್ಕಿತು.

ಯೂರೋಪಿನವರಿಗೆ ಈ ವಿದ್ಯೆ ದಕ್ಕಿದ ಕಥೆಯು ಒಂದು ನೀತಿಕಥೆಯಂತೆಯೇ ಇದೆ. ಬ್ಯೋಟ್ಗರ್ ಎಂಬ ತರುಣನು ಬರ್ಲಿನ್ನಿನಲ್ಲಿ ಔಷಧದಂಗಡಿಯ ಶಿಷ್ಯನಾಗಿದ್ದನು. ಕೀಳು ಲೋಹವನ್ನು ಬಂಗಾರ ಮಾಡಬಲ್ಲೆನೆಂಬ ಅವನ ಬಡಾಯಿ ಸ್ಯಾಕ್ಸನಿಯ ಅರಸು ಅಗಸ್ಟಸನ ಕಿವಿಗೆ ಬಿದ್ದು, ಅವನು ಈತನನ್ನು ಹಿಡಿಸಿ ಸೆರೆಯಲ್ಲಿಟ್ಟನು. ಬಂಗಾರವೇನೋ ಆಗಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆಗೂಡಿ ಮಣ್ಣಿನ ಮೇಲೆ ಪ್ರಯೋಗ ನಡೆಸಿ 1708ರ ಸುಮಾರಿಗೆ ಪಿಂಗಾಣಿಯ ಗುಟ್ಟನ್ನು ಬಿಡಿಸಿದನು. 1710ರಲ್ಲಿ ಮೈಸನ್ನಿನ ಕೋಟೆಯಲ್ಲಿ ಕಾರ್ಖಾನೆ ಎದ್ದಿತು. ಬಂಗಾರ ಮಾಡಹೊರಟವನು, ಮೇಲೆ ಬಂಗಾರ ಬಳಿಯಲು ತಕ್ಕುದಾದ ಮಣ್ಣನ್ನು ಮಾಡಿದನು. 1719ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡನು.

ಅದೇ ಅಗಸ್ಟಸನಿಗೆ ಪಿಂಗಾಣಿಯ ಮೋಹ ರೋಗದಂತೆ ಅಂಟಿತ್ತು. 1717ರಲ್ಲಿ ಅವನು ಪ್ರಷ್ಯದ ಅರಸನಿಗೆ 600 ಮಂದಿ ಸೈನಿಕರನ್ನು ಕೊಟ್ಟು, ಬದಲಿಗೆ 151 ಚೀನೀ ಪಿಂಗಾಣಿ ಪಾತ್ರೆಗಳನ್ನು ಪಡೆದನು. ಒಂದೊಂದು ಪಾತ್ರೆಗೆ ನಾಲ್ಕು ಜನರಂತೆ ಲೆಕ್ಕ ಬೀಳುತ್ತದೆ. ಅವುಗಳಲ್ಲಿಯ ದೊಡ್ಡ ಹೂಜಿಗಳನ್ನು ಇಂದಿಗೂ ಆ ಸೈನಿಕರ ಹೆಸರಿನಿಂದಲೇ, ಡ್ರಗೂನ್ ಹೂಜಿಗಳೆಂದು, ಕರೆಯುತ್ತಾರೆ. ಮನುಷ್ಯರು ಹೋದರು, ಅವರ ಹೆಸರು ಪಾತ್ರೆಗೆ ಅಂಟಿಕೊಂಡಿತು.

ಇದು ದೂರದೇಶದ ಮಾತೆಂದು ಭಕ್ತರು ತಿಳಿಯಬಾರದು. ನಾವು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಸಹಪಾಠಿಗಳೊಡನೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಲು ಹೋಗಿದ್ದೆವು. ಅಲ್ಲಿಯ ಯೂರೋಪಿನ ಪಿಂಗಾಣಿಯ ಮುಂದೆ, ಸೇವ್ರ್ ಮತ್ತು ಡ್ರೆಸ್ಡನ್ನಿನ ಬಂಗಾರದಂಚಿನ ಪಾತ್ರೆಗಳ ಮುಂದೆ, ಗಂಟೆಗಟ್ಟಲೆ ನಿಂತೆವು. ಅವನ್ನು ಕೂಡಿಹಾಕಿದವರು ಬಹುಮಟ್ಟಿಗೆ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು. ಅವರ ಹಿರಿಯರ ಸಂಗ್ರಹವೂ ಅದರಲ್ಲಿ ಸೇರಿತ್ತು. ಆ ಮನೆತನದ ಹಳೆಯ ದೇವಡಿಯಲ್ಲಿ ಚೀನೀಖಾನೆ ಎಂಬುದೇ ಒಂದಿತ್ತು. 1949ರಲ್ಲಿ ಅವರು ಮಕ್ಕಳಿಲ್ಲದೆ ತೀರಿಕೊಂಡ ಮೇಲೆ, 1951ರ ಡಿಸೆಂಬರಿನಲ್ಲಿ ಜವಾಹರಲಾಲ ನೆಹರೂ ಅವರು ಆ ಸಂಗ್ರಹವನ್ನು ಜನರಿಗೆ ತೆರೆದರು. ಹೊರಗೆ ಬಂದು ಮೂಸಿಯ ದಂಡೆಯಲ್ಲಿ ಕುಳಿತಾಗ ಕೊಪ್ಪಳದ ಕಡೆಯ ಸಹಪಾಠಿಯೊಬ್ಬ ತಣ್ಣಗೆ ಹೇಳಿದನು: "ನಮ್ಮೂರು ಇವರ ಜಾಗೀರಾಗಿತ್ತು." ಮುಂದೆ ಅವನು ಏನನ್ನೂ ಹೇಳಲಿಲ್ಲ, ಹೇಳಬೇಕಾದುದೂ ಇರಲಿಲ್ಲ. ಕೊಪ್ಪಳ, ಯಲಬುರ್ಗಿಗಳು ಸಾಲಾರ್ ಜಂಗರ ಜಾಗೀರುಗಳಾಗಿದ್ದುದು ಇತಿಹಾಸ. ಎರೆಯ ಹೊಲದಲ್ಲಿ ಜೋಳ ಬಿತ್ತಿದವನ ಕಂದಾಯವು ಹೈದರಾಬಾದಿಗೆ ಹೋಗಿ, ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ, ಹೂದಾನಿಯಾಗಿ ಮರಳಿತೆಂದರೆ ಉತ್ಪ್ರೇಕ್ಷೆಯಾಗದು. ಬರಗಾಲದ ಊರು ಅದು. ನಾವು ಅದುವರೆಗೆ ನೋಡಿ ಹಿಗ್ಗಿದುದೆಲ್ಲ ಆ ಒಂದು ಮಾತಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿತು.

ನಮ್ಮ ಪ್ರಾಧ್ಯಾಪಕರನ್ನು ಈ ಬಗ್ಗೆ ಕೇಳಿದಾಗ ಅವರು ಕಾಂಟ್ ಮಹಾಶಯನನ್ನು ಮುಂದಿಟ್ಟರು. ಜರ್ಮನಿಯ ಆ ತತ್ತ್ವಜ್ಞನು 1790ರಲ್ಲಿ ಪ್ರಕಟಿಸಿದ, ಸೌಂದರ್ಯವಿಚಾರವನ್ನೊಳಗೊಂಡ ಗ್ರಂಥದ ಆರಂಭದಲ್ಲಿಯೇ ಇಂಥದೊಂದು ಉದಾಹರಣೆಯುಂಟು. ಅರಮನೆಯೊಂದನ್ನು ತೋರಿಸಿ ಇದು ಸುಂದರವೇ ಎಂದು ಕೇಳಿದರೆ, ಪ್ರಜೆಗಳ ಬೆವರನ್ನು ದೊಡ್ಡವರು ಹೀಗೆ ಪೋಲು ಮಾಡಿದರೆಂದು ರೂಸೋವಿನಂತೆ ಬಯ್ಯಬಹುದು, ಅದೆಲ್ಲವೂ ಒಪ್ಪತಕ್ಕುದೇ, ಆದರೆ ಸೌಂದರ್ಯದ ತೀರ್ಪಿಗೆ ಅದು ಸಂಬಂಧಿಸದು ಎಂಬುದು ಅವನ ಅಭಿಪ್ರಾಯದ ಸಾರ. ಸೌಂದರ್ಯವನ್ನು ಅನುಭವಿಸುವ ಚಿತ್ತವು ವಸ್ತುವನ್ನು ತನ್ನದಾಗಿಸಿಕೊಳ್ಳುವ ಆಸೆಯಿಂದ ಬಿಡುಗಡೆಯಾಗಿರಬೇಕೆಂದು ಅವನು ಹೇಳಿದುದು ನಿಜವಾಗಿ ದೊಡ್ಡ ಮಾತು. ಗದ್ದುಗೆಯ ಪಕ್ಕದಲ್ಲಿ ಹೂದಾನಿಗಳನ್ನು ಕಲ್ಪಿಸಿಕೊಂಡ ನಮಗೆ ಅದು ಚೆನ್ನಾಗಿಯೇ ತಾಗುತ್ತದೆ. ಆದರೂ ಪ್ರಶ್ನೆ ಬಗೆಹರಿಯಿತೆಂದು ನಮಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಬೆವರಿನ ಮಾತನ್ನು ಬದಿಗಿರಿಸಿ ಎನ್ನುವುದು ಬೆವರು ಸುರಿಸದವನಿಗೆ ಸುಲಭ. ಕೊಪ್ಪಳದ ಆ ಹುಡುಗ ಹೇಗೆ ಬದಿಗಿರಿಸಿಯಾನು?

ನಮ್ಮ ಶರಣರ ದಾರಿ ಇಲ್ಲಿ ಬೇರೆ. ಷಟ್‌ಸ್ಥಲಶಾಸ್ತ್ರವು ಒಂದೊಂದು ಇಂದ್ರಿಯದ ಪದಾರ್ಥವನ್ನೂ ಒಂದೊಂದು ಲಿಂಗಕ್ಕೆ ಅರ್ಪಿಸಬೇಕೆನ್ನುತ್ತದೆ. ಗಂಧವು ಆಚಾರಲಿಂಗಕ್ಕೆ, ರುಚಿಯು ಗುರುಲಿಂಗಕ್ಕೆ, ಕಣ್ಣು ಕಂಡ ರೂಪವು ಶಿವಲಿಂಗಕ್ಕೆ. ಹೀಗೆ ಅರ್ಪಿತವಾದಾಗ ಪದಾರ್ಥತ್ವವಳಿದು ಪ್ರಸಾದವಾಗುತ್ತದೆ. ಆದುದರಿಂದ ಕಣ್ಣಿನ ಸುಖವು ನಮ್ಮಲ್ಲಿ ಹೀನವಲ್ಲ. ರೂಪಕ್ಕೆ ಬೆನ್ನು ಮಾಡಬೇಕೆಂದು ಶಾಸ್ತ್ರ ಹೇಳಿಲ್ಲ. ಆದರೆ ಅರ್ಪಿಸುವ ಪದಾರ್ಥ ಶುದ್ಧವಾಗಿರಬೇಕೆಂಬುದು ಅಷ್ಟೇ ದೃಢವಾದ ನಿಯಮ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳುಹಿಸಿದಳು. ಆ ಅಕ್ಕಿ ಕದ್ದುದೂ ಅಲ್ಲ, ನೆಲಕ್ಕೆ ಬಿದ್ದುದು. ಅಗತ್ಯವನ್ನು ಮೀರಿದ್ದೇ ಅದರ ದೋಷ. ಆ ತಾಯಿಯ ತಕ್ಕಡಿಯಲ್ಲಿ ಈ ಹೂದಾನಿಯನ್ನು ಇಟ್ಟರೆ ಏನಾದೀತು? ರಾಯಚೂರು ಸೀಮೆಯ ಆ ಅಮರೇಶ್ವರದ ತಾಯಿ, ಜಾಗೀರದ ಹಣದಿಂದ ಬಂದ ರೂಪವನ್ನು ಶಿವಲಿಂಗಕ್ಕೆ ಅರ್ಪಿಸಲು ಒಪ್ಪಿಯಾಳೇ?

ಒಪ್ಪಲಾರಳು ಎಂದೇ ನಾವು ಮೊದಲ ರಾತ್ರಿ ತೀರ್ಮಾನಿಸಿದೆವು. ಬೆಳಗಾದ ಮೇಲೆ ಆ ತೀರ್ಮಾನ ಅರ್ಧ ಸತ್ಯವೆನಿಸಿತು. ಲಕ್ಕಮ್ಮನ ಅಕ್ಕಿಗೆ ಹಿಂದಿರುಗುವ ಸ್ಥಳವೊಂದಿತ್ತು. ಹೂದಾನಿಯನ್ನು ಹಿಂದಿರುಗಿಸುವುದು ಎಲ್ಲಿಗೆ? ಕಂದಾಯ ತೆತ್ತವರು ಮಣ್ಣಾದರು, ಧಣಿಯ ದೇವಡಿ ಉರುಳಿತು. ಒಡೆದು ಹಾಕಿದರೆ ಒಬ್ಬ ರೈತನ ಹೊಟ್ಟೆಯೂ ತುಂಬದು. ಮೇಲಾಗಿ, ಮೂಲವನ್ನು ಕೆದಕುತ್ತ ಹೋದರೆ ತಾಜಮಹಲೂ ಗೋಲಗುಮ್ಮಟವೂ ಹಲವು ದೇವಾಲಯಗಳೂ, ಧೈರ್ಯವಿದ್ದರೆ ನಮ್ಮ ಮಠಗಳಿಗೆ ಬಂದ ಕೆಲವು ದಾನಗಳೂ, ಅದೇ ತಕ್ಕಡಿಗೆ ಬರಬೇಕಾಗುತ್ತದೆ. ಈ ಕೊನೆಯ ಮಾತನ್ನು ಬರೆಯುವಾಗ ಲೇಖನಿ ತುಸು ತಡೆದುದುಂಟು.

ಎರಡನೆಯ ದಿನ ಆ ತಾಯಿ ಮತ್ತೆ ಬಂದಿದ್ದರು. ನಾವು ಭೂತಗನ್ನಡಿ ಹಿಡಿದು ಚಿತ್ರವನ್ನು ಪರೀಕ್ಷಿಸುತ್ತಿದ್ದೆವು. ಅಚ್ಚೊತ್ತಿದ ಚಿತ್ರವಾದರೆ ಸಣ್ಣ ಚುಕ್ಕಿಗಳ ಜಾಲ ಕಾಣುತ್ತದೆ, ಕೈಯಿಂದ ಬರೆದುದಾದರೆ ಕುಂಚದ ಎಳೆ ಕಾಣುತ್ತದೆ ಎಂದು ಓದಿದ್ದೆವು. ತಾಯಿ ನಕ್ಕು, "ಅದಕ್ಯಾಕ್ರೀ ಗಾಜು? ಈಕಿ ನಗತಾಳ, ಆಕಿ ನಗಂಗಿಲ್ಲ ನೋಡ್ರಿ" ಎಂದರು. ನೋಡಿದರೆ ಹೌದು! ಎರಡೂ ಒಂದೇ ಹುಡುಗಿ, ಒಂದೇ ಮರ, ಒಂದೇ ಕುರಿ. ಆದರೆ ಒಬ್ಬಳ ತುಟಿಯ ಕೊನೆ ಮೇಲಕ್ಕೆ ತಿರುಗಿದೆ, ಇನ್ನೊಬ್ಬಳದು ಇಲ್ಲ. ಅಚ್ಚು ಎರಡು ಸಲ ಒಂದೇ ಮಾತನ್ನು ಆಡುತ್ತದೆ, ಕೈ ಹಾಗೆ ಆಡಲಾರದು. ಅಕ್ಷರವನ್ನೇ ಕಲಿಯದ ಆ ತಾಯಿ ಐವತ್ತು ವರುಷ ಧೂಳು ಒರೆಸುತ್ತ, ವ್ಯಾಪಾರಿಯೂ ನಾವೂ ಕಾಣದುದನ್ನು ಕಂಡಿದ್ದರು. ಜೋಡಿಯನ್ನು ಅಗಲಿಸಬೇಡಿರೆಂದು ಅವರು ಏಕೆ ಹಟ ಹಿಡಿದರೆಂಬುದೂ ಆಗ ನಮಗೆ ಹೊಳೆಯಿತು.

ಆ ತುಟಿಯನ್ನು ಬರೆದವನು ಯಾರೋ. ಅವನಿಗೆ ಕೊಪ್ಪಳವೂ ಗೊತ್ತಿಲ್ಲ, ಜಾಗೀರದಾರನೂ ಗೊತ್ತಿಲ್ಲ. ದಿನಗೂಲಿಯ ಕುಂಚದವನು, ಒಂದು ಮುಖ ಮುಗಿಸಿ ಇನ್ನೊಂದಕ್ಕೆ ಹೋದವನು. ಭಾಲ್ಕಿಯ ಕುಂಬಾರ ಗುಂಡಯ್ಯನು ಗಡಿಗೆಯನ್ನು ತಟ್ಟುವ ತಾಳಕ್ಕೆ ತಾನೇ ಮೈಮರೆತು ಕುಣಿಯಲು, ಶಿವನೂ ಬಂದು ಕುಣಿದನೆಂದು ಹರಿಹರನ ರಗಳೆಯಲ್ಲಿ ಬರುತ್ತದೆ. ಆ ಗಡಿಗೆಯನ್ನು ಮುಂದೆ ಯಾರು ಕೊಂಡರು, ಅದರಲ್ಲಿ ನೀರು ತುಂಬಿದರೋ ಹೆಂಡ ತುಂಬಿದರೋ ಕವಿ ಹೇಳುವುದಿಲ್ಲ. ಕೊಂಡವನ ಪಾಪ ಗುಂಡಯ್ಯನ ತಟ್ಟಿಗೆ ಅಂಟದು. ಹಾಗೆಯೇ ಆ ಅನಾಮಧೇಯನ ಗೆರೆಗೆ ಜಾಗೀರದಾರನ ಲೋಭ ಅಂಟದು. ಒಂದೇ ವಸ್ತುವಿನಲ್ಲಿ ಒಬ್ಬನ ಲೋಭವೂ ಇನ್ನೊಬ್ಬನ ಕಾಯಕವೂ ಬೆರೆತು ಸುಟ್ಟುಹೋಗಿವೆ. ನೀಲಿಯನ್ನೂ ಬಂಗಾರವನ್ನೂ ಬೇರ್ಪಡಿಸಲಾಗದಂತೆ ಅವನ್ನೂ ಬೇರ್ಪಡಿಸಲಾಗದು. ಅರ್ಪಿಸಬಹುದಾದುದು ಆ ಕಾಯಕವನ್ನು. ಆದರೆ ಲೋಭದ ಲೆಕ್ಕವನ್ನು ಮುಚ್ಚಿಟ್ಟು ಅರ್ಪಿಸುವಂತಿಲ್ಲ. ಕಾಂಟನು ಬದಿಗಿರಿಸಿದುದನ್ನು ನಾವು ಪಕ್ಕದಲ್ಲಿಯೇ ಇಟ್ಟುಕೊಂಡು ನೋಡಬೇಕು, ಅದರಿಂದ ಸುಖ ಕೊಂಚ ಕಡಿಮೆಯಾದರೂ ಚಿಂತೆಯಿಲ್ಲ. ಹೈದರಾಬಾದಿನ ಸಂಗ್ರಹವು ಜನರದಾದುದು ಇಂಥ ಲೆಕ್ಕದ ಒಂದು ಭಾಗವೆಂದೇ ನಾವು ತಿಳಿಯುತ್ತೇವೆ. ಕೊಪ್ಪಳದ ರೈತನ ಮಗ ಇಂದು ಚೀಟಿ ಕೊಂಡು ಒಳಹೋಗಿ ನೋಡಬಲ್ಲ. ಅರ್ಧ ಋಣ ತೀರಿದಂತಾಯಿತು. ಪಾತ್ರೆಯ ಕೆಳಗಿನ ಫಲಕದಲ್ಲಿ ಕಾರ್ಖಾನೆಯ ಹೆಸರಿನ ಜೊತೆಗೆ ಅವನ ಊರಿನ ಹೆಸರೂ ಬಂದರೆ ಇನ್ನರ್ಧ.

ಈ ಸಂದರ್ಭದಲ್ಲಿ ಟಿಪ್ಪು ಸುಲ್ತಾನನ ನೆನಪಾಗುತ್ತದೆ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿಗೆ ಹೋದಾಗ ಹದಿನಾರನೆಯ ಲೂಯಿ ದೊರೆಯು ಸೇವ್ರ್ ಪಿಂಗಾಣಿಯನ್ನು ಉಡುಗೊರೆ ಕೊಟ್ಟನು. ಟಿಪ್ಪುವಿಗೆ ಬೇಕಾಗಿದ್ದುದು ಪಾತ್ರೆಗಳಷ್ಟೇ ಅಲ್ಲ, ಅಲ್ಲಿಯ ಕಸುಬುದಾರರೂ. ಪಿಂಗಾಣಿ ಮಾಡುವವರನ್ನೂ ಅವನು ಕೇಳಿದ್ದನು. ಅವನ ಇತರ ನಡೆಗಳ ವಿಷಯ ಇಲ್ಲಿ ಬೇಡ. ಪಾತ್ರೆಯನ್ನು ಬೇಡುವುದಕ್ಕೂ ಪಾತ್ರೆ ಮಾಡುವ ಕೈಯನ್ನು ಬೇಡುವುದಕ್ಕೂ ಅಂತರವಿದೆಯೆಂಬುದಷ್ಟೇ ನಮ್ಮ ಮಾತು.

ಇನ್ನು ಬಿರುಕಿನ ವಿಚಾರ. ಹಿರಿಯ ಮಗನನ್ನು ಕರೆಸಿ ಹೇಳಿದೆವು: ಮಾರುವುದು ತಪ್ಪಲ್ಲ, ನಿನ್ನ ಮುತ್ತಜ್ಜನಿಗೆ ಅದು ಸಂಬಳವಾಗಿ ಬಂದುದು, ಈ ಸರಪಳಿಯಲ್ಲಿ ದುಡಿಮೆಯಿಂದ ಪಡೆದ ಕೊಂಡಿ ಅದೊಂದೇ ಇರಬಹುದು. ಆದರೆ ಬಿರುಕಿನ ಮೇಲೆ ಬಂಗಾರ ಬಳಿದೆಯಾದರೆ ಜಾಗೀರದಾರನ ಸಾಲಿನಲ್ಲಿ ನೀನೂ ನಿಂತಂತೆ. ಬಿರುಕನ್ನು ತೋರಿಸಿ ಮಾರು. ಅವನು ವಿನಯದಿಂದ ಕೇಳಿ ಹೋದನು, ತೋರಿಸಿಯೂ ತೋರಿಸಿದನು. ವ್ಯಾಪಾರಿ ಮೊದಲು ಹೇಳಿದ ಬೆಲೆಯಲ್ಲಿ ಅರ್ಧಕ್ಕೆ ಇಳಿದನು. ಆಗ ಆ ಮಗ ಮಠಕ್ಕೆ ಬಂದು ನಿಂತು ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಅಪ್ಪಾವರೇ, ಖರೇ ಹೇಳಿದ್ದಕ್ಕ ಅರ್ಧ ಹೋತ್ರಿ. ಬಿತ್ತಗಿ ದಿನಾ ಬಂದಾವ. ಆ ಅರ್ಧ ಯಾರು ಕೊಡ್ತಾರ?"

ನಮ್ಮಲ್ಲಿ ಉತ್ತರವಿರಲಿಲ್ಲ. ಸತ್ಯದ ಬೆಲೆಯನ್ನು ತೆರಬೇಕಾದವನು ಅವನು, ಉಪದೇಶಿಸಿದವರು ನಾವು. ದಾಸೋಹದ ಕಣಜದಿಂದ ಆ ವರುಷದ ಬಿತ್ತನೆಗೆ ತೊಗರಿ ಬೀಜವನ್ನು ಕೊಡಿಸಿದೆವು, ಹೂದಾನಿಯ ಲೆಕ್ಕಕ್ಕೆ ಅಲ್ಲ. ಅದು ಅರ್ಧದ ಅರ್ಧಕ್ಕೂ ಸಮನಾಗಿರಲಿಲ್ಲವೆಂಬುದು ನಮಗೂ ಗೊತ್ತು, ಅವನಿಗೂ ಗೊತ್ತು. ಹೂದಾನಿಗಳನ್ನು ಮಠದಲ್ಲಿ ಇರಿಸಿಕೊಳ್ಳಲು ಒಪ್ಪಲಿಲ್ಲ. ಇಬ್ಬರು ಮಕ್ಕಳ ಜಗಳವನ್ನು ಮೂರನೆಯವರು ಎರಡೂ ಪಾಲನ್ನು ತಾವೇ ತೆಗೆದುಕೊಂಡು ಬಗೆಹರಿಸುವುದು ನ್ಯಾಯವೆನಿಸಲಿಲ್ಲ. ನಮ್ಮ ಕಣ್ಣಿನ ಮೇಲೆ ನಮಗೆ ನಂಬಿಕೆ ಸಾಲದೆ ಹೋದುದೂ ಒಂದು ಕಾರಣ.

ತಾಯಿ ಇರುವ ತನಕ ಜೋಡಿ ತಾಯಿಯ ಬಳಿಯಲ್ಲಿಯೇ ಇರಲೆಂದು ಅಣ್ಣತಮ್ಮಂದಿರು ಒಪ್ಪಿಕೊಂಡಿದ್ದಾರೆ. ಮುಂದೇನೆಂಬುದನ್ನು ಇಬ್ಬರೂ ಮಾತಾಡಿಲ್ಲ. ಕಳೆದ ಶ್ರಾವಣದಲ್ಲಿ ಆ ಮನೆಗೆ ಬಿನ್ನಹಕ್ಕೆ ಹೋದಾಗ ಅವು ಅದೇ ಮಾಡದಲ್ಲಿದ್ದುವು. ಗೋಡೆಯ ಮೇಲೆ ನೀರು ನಿಂತ ಗುರುತು ಅದರಿಂದ ಒಂದು ಗೇಣು ಕೆಳಗೆ ಇನ್ನೂ ಕಾಣುತ್ತಿತ್ತು. ನಕ್ಕವಳ ಕೊರಳಿನಲ್ಲಿಯೇ ಬಿರುಕು ಇರುವುದನ್ನು ನಾವು ಅಂದು ಗಮನಿಸಿದೆವು. ಪ್ರಸಾದವಾದ ಮೇಲೆ ಹಿರಿಯ ಮಗ ನಮ್ಮನ್ನು ಬಾಗಿಲ ತನಕ ಕಳುಹಿಸಲು ಬಂದು, ಆ ಅರ್ಧದ ಮಾತನ್ನು ನಗುತ್ತಲೇ ಮತ್ತೊಮ್ಮೆ ಕೇಳಿದನು.